ಕಾಲಂ ಹದಿನೇಳು

ನಮ್ಮ ಮಂಡ್ಯದ ಕಡೆ ಗೇಟು ಅಂದರೆ
ಗೇಟಿರುವುದಿಲ್ಲ.
ಊರೊಳಗಿನ ದಾರಿ ಬಂದು ದೊಡ್ಡ ರಸ್ತೆಗೆ ತಲೆ ಕೊಡುವ ಜಾಗ.
ಒಂದು ಹುಣಸೆಮರ, ಬಸ್ಸಿಗೆ ಕೈ ಅಡ್ಡ ಹಿಡಿಯುವವರು,
ಗೆಜ್ಜೆ ಕಟ್ಟಿದ ಕಬ್ಬಿನಹಾಲಿನ ಗಾಣ.
ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ.

ನಾನು ಠಾಣೆಯ ರೈಟರ್. ಬರೆಯುವುದೇ ಕೆಲಸ.
ರಾಜ್ಯಕ್ಕೆಲ್ಲ ಒಂದೇ ಯೋಜನೆ ಬರುತ್ತಿದೆಯಂತೆ,
ರಸ್ತೆ ಸಾವನ್ನು ಅರ್ಧಕ್ಕೆ ಇಳಿಸುತ್ತಾರಂತೆ.
ಯಾವ ಅರ್ಧ ಎಂದು ಮೀಟಿಂಗಿನಲ್ಲಿ ಯಾರೂ ಕೇಳಲಿಲ್ಲ.
ಬೋಂಡ ಕೊಟ್ಟರು, ಟೀ ಕೊಟ್ಟರು,
ಇಪ್ಪತ್ತೆರಡು ಕಾಲಮ್ಮಿನ ಫಾರಂ ಕೊಟ್ಟರು.

ಐನೂರು ಮೀಟರು, ಮೂರು ವರ್ಷ, ಐದು ಸಾವು.
ಐದಾದರೆ ಪಟ್ಟಿಗೆ. ಪಟ್ಟಿಗೆ ಸೇರಿದರೆ
ದೀಪ, ಬಿಳಿ ಪಟ್ಟೆ, ಇಂಜಿನಿಯರು.
ನಾಲ್ಕಾದರೆ?
ಸಾಹೇಬರು ಪೆನ್ನಿಗೆ ಮುಚ್ಚಳ ಹಾಕಿದರು.

ಚನ್ನಿಗನಕೊಪ್ಪಲು ಗೇಟಿನಲ್ಲಿ ನಾಲ್ಕು.
ಗಾರೆ ಕೆಲಸದ ಇಬ್ಬರು, ಒಂದೇ ಬೈಕು,
ನಿಂತ ಕಬ್ಬಿನ ಗಾಡಿಯೊಳಕ್ಕೆ ಹೋದವರು.
ಡೈರಿಗೆ ಹೊರಟಿದ್ದ ದ್ಯಾವೀರಮ್ಮ,
ಕ್ಯಾನು ಅರವತ್ತು ಅಡಿ ಆಚೆ, ಹಾಲು ಅಲ್ಲೇ.
ಟ್ಯೂಷನ್ ಬಿಟ್ಟು ಬಂದ ನಿಶ್ಚಿತ್, ಒಂಬತ್ತನೇ ಕ್ಲಾಸು.
ಸೈಕಲ್ಲನ್ನು ತಳ್ಳಿಕೊಂಡೇ ದಾಟುತ್ತಿದ್ದ
ಎಂದು ಬರೆಯಲು ಕಾಲಂ ಇರಲಿಲ್ಲ.

ಐದನೆಯವನು ಸಣ್ಣಕ್ಕನ ಗಂಡ ಮರಿಸಿದ್ದು.
ಮೈಸೂರಿನ ದೊಡ್ಡಾಸ್ಪತ್ರೆಯಲ್ಲಿ
ಮೂವತ್ತನಾಲ್ಕು ದಿನ ಉಸಿರಾಡಿದ.
ಮೂವತ್ತರೊಳಗೆ ಹೋದರೆ ಸಾವು, ದಾಟಿ ಹೋದರೆ ಗಾಯ.
ಫಾರಮ್ಮಿನಲ್ಲಿ ಅವನು ಇವತ್ತಿಗೂ ಗಾಯಾಳು.
ಗಾಣಕ್ಕೆ ಜಲ್ಲೆ ಕೊಡುತ್ತಾ ಸಣ್ಣಕ್ಕ ಕೇಳಿದಳು:
"ನಾಕ್ ದಿನ ಮುಂಚೆ ಕರ್ಕಂಡೋಗ್ಬೇಕಿತ್ತಾ ದ್ಯಾವ್ರು,
ನಿಮ್ ಲೆಕ್ಕುಕ್ಕೆ?"
ಗೆಜ್ಜೆ ನಿಲ್ಲಲಿಲ್ಲ.
ಲೋಟದ ದುಡ್ಡು ಅವಳು ಮುಟ್ಟಲಿಲ್ಲ.

ಅಕ್ಷಾಂಶ ಬೇಕು, ರೇಖಾಂಶ ಬೇಕು,
ಫೋನು ಹಿಡಿದು ಅದೇ ಜಾಗದಲ್ಲಿ ನಿಲ್ಲಬೇಕು.
ನಿಂತೆ. ನೀಲಿ ಚುಕ್ಕಿ
ಒಮ್ಮೆ ಗದ್ದೆಗೆ ಹೋಯಿತು, ಒಮ್ಮೆ ನಾಲೆಗೆ.
"ಅಲ್ ನಿಂತ್ಕಬ್ಯಾಡಿ ಮೇಡಂ!"
ಹುಣಸೆಮರದ ಕೆಳಗಿದ್ದವರೆಲ್ಲ ಒಟ್ಟಿಗೆ ಕೂಗಿದರು,
ಆ ಇಬ್ಬರು ಗಾರೆಯವರಿಗೆ ಯಾರೂ ಕೂಗಿರಲಿಲ್ಲ,
ಅದು ರಾತ್ರಿ.

ಕಾಲಂ ಹದಿನೇಳು: ಅವೈಜ್ಞಾನಿಕ ಉಬ್ಬು ಇದೆಯೇ?
ಇದ್ದಲ್ಲಿ ತೆರವಿಗೆ ಶಿಫಾರಸು ಮಾಡಿ.

ಇದೆ.
ಮರಿಸಿದ್ದುವಿನ ಹನ್ನೊಂದರ ರಾತ್ರಿ ಊರವರು ಹಾಕಿದ್ದು.
ನಾಲೆ ಏರಿಯ ಜಲ್ಲಿ, ಅರ್ಧ ಮೂಟೆ ಸಿಮೆಂಟು,
ಸಾಲದ್ದಕ್ಕೆ ಆಲೆಮನೆಯ ಬೂದಿ.
ಅಳತೆಯಿಲ್ಲ, ಬಣ್ಣವಿಲ್ಲ,
ಎಡಕ್ಕೆ ಎಮ್ಮೆ ಬೆನ್ನಿನಂತೆ, ಬಲಕ್ಕೆ ಕುಸಿದಿದೆ.
ಹಸಿಯಿದ್ದಾಗ ಯಾರೋ ಬೆರಳಲ್ಲಿ ಮ. ಸಿ. ಎಂದು ಗೀಚಿದ್ದಾರೆ.
ಬಸುರಿಯೊಬ್ಬಳನ್ನು ಆಟೋದಲ್ಲಿ ಅದರ ಮೇಲೆ ದಾಟಿಸುವಾಗ
ನಾನೇ ಅವಳ ಸೊಂಟ ಹಿಡಿದಿದ್ದೆ,
ಹಾಗಾಗಿ ಸಾಹೇಬರ ಮಾತು ಸುಳ್ಳಲ್ಲ.

ಆಮೇಲೆ ಹದಿನಾಲ್ಕು ತಿಂಗಳು.
ಬೈಗುಳವಿದೆ, ಒಡೆದ ಬಂಪರಿದೆ,
ಮೊಟ್ಟೆ ಗಾಡಿಯವನದೊಂದು ಲಿಖಿತ ದೂರಿದೆ.
ಹೆಣವಿಲ್ಲ.

ಇವತ್ತು ಪಾಳಿ ಮುಗಿದಾಗ ಹತ್ತೂವರೆ.
ಮರಿಸಿದ್ದುವಿನ ಹೆಸರಿನ ಮುಂದೆ
ಗಾಯ ಎಂಬುದನ್ನು ಹೊಡೆದು ಸಾವು ಎಂದು ಬರೆದು
ಪಕ್ಕದಲ್ಲಿ ಸಣ್ಣ ಸಹಿ ಹಾಕಿದ್ದೇನೆ.
ಮೆಮೊ ಬಂದರೆ ನನಗೆ ಬರಲಿ.
ಹದಿನೇಳು ಖಾಲಿ.
ಬೆಳಿಗ್ಗೆ ಹತ್ತಕ್ಕೆ ಕೊಡಬೇಕು.

ಗೇಟಿನ ಹತ್ತಿರ ಮುಂದೆ ಒಂದು ಕಬ್ಬಿನ ಟ್ರ್ಯಾಕ್ಟರು,
ಹಿಂದೆ ದೀಪವಿಲ್ಲ, ಸದ್ದಿನಿಂದ ಗೊತ್ತಾಯಿತು.
ಅದು ಉಸ್ಸೆಂದು ಉಬ್ಬು ಹತ್ತಿತು,
ಎರಡು ಜಲ್ಲೆ ರಸ್ತೆಗೆ ಬಿದ್ದವು.
ಸ್ಕೂಟಿ ನಿಲ್ಲಿಸಿ, ಎತ್ತಿ ಬದಿಗೆ ಹಾಕಿ,
ನಾನೂ ಹತ್ತಿದೆ.
ಖಾಲಿ ಡಬ್ಬಿಯೊಳಗೆ ಚಮಚ
ಹತ್ತುವಾಗ ಒಮ್ಮೆ ಅಂದಿತು,
ಇಳಿಯುವಾಗ ಒಮ್ಮೆ.